ಒಮಾಹಾದಿಂದ ಬರಿಗೈಲಿ

ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡಕ್ಕೆ ಮೈಕ್ ಮಾರ್ಟಿನ್ 1980ರಿಂದ 2019ರವರೆಗೆ ಮುಖ್ಯ ಕೋಚ್ ಆಗಿದ್ದರು. ಈ 40 ವರ್ಷಗಳಲ್ಲಿ ಗೆದ್ದ ಪಂದ್ಯಗಳು 2,029, ಸೋತವು 736. ವರ್ಷಕ್ಕೆ 40ಕ್ಕಿಂತ ಕಡಿಮೆ ಗೆದ್ದದ್ದೇ ಇಲ್ಲ, ರಾಷ್ಟ್ರೀಯ ಟೂರ್ನಿಗೆ ಅರ್ಹತೆ ತಪ್ಪಿದ್ದೂ ಇಲ್ಲ. ನಿವೃತ್ತರಾಗುವ ಹೊತ್ತಿಗೆ ಅಲ್ಲಿನ ಕಾಲೇಜು ಬೇಸ್‌ಬಾಲ್‌ನಲ್ಲಿ ಇಷ್ಟು ಪಂದ್ಯ ಗೆದ್ದ ಮತ್ತೊಬ್ಬ ಕೋಚ್ ಇರಲಿಲ್ಲ. ಆದರೂ ಅವರ ಹೆಸರು ಬಂದಲ್ಲೆಲ್ಲ ಒಂದು ಕೊಕ್ಕೆ ಜೊತೆಗೇ ಬರುತ್ತದೆ: ಆ ಟೂರ್ನಿಯ ಕೊನೆಯ ಹಂತವಾಗಿ ಒಮಾಹಾ ನಗರದಲ್ಲಿ ನಡೆಯುವ ಕಾಲೇಜು ವರ್ಲ್ಡ್ ಸೀರೀಸ್‌ಗೆ 17 ಸಲ ತಂಡ ಕರೆದೊಯ್ದರೂ ಒಮ್ಮೆಯೂ ಟ್ರೋಫಿ ತರಲಿಲ್ಲ.

ಹಾಗಾದರೆ ಕೋಚ್ ಒಬ್ಬರ ಯೋಗ್ಯತೆಯನ್ನು ಅಳೆಯಬೇಕಾದದ್ದು ಒಮಾಹಾದಲ್ಲಿ ಕಳೆಯುವ ಜೂನ್ ತಿಂಗಳ ಆ ಹತ್ತು ದಿನಗಳಿಂದಲೋ, ಉಳಿದ ನಾಲ್ಕು ದಶಕಗಳಿಂದಲೋ?

ಬೇಸ್‌ಬಾಲ್ ಗೊತ್ತಿದ್ದವರು ಒಂದು ಮಾತನ್ನು ಒಪ್ಪಿಯಾರು. ಈ ಆಟದಲ್ಲಿ ಒಂದು ಪಂದ್ಯದ ಫಲಿತಾಂಶ ಹೇಳುವುದು ಬಹಳ ಕಡಿಮೆ. ವೃತ್ತಿಪರ ಮೇಜರ್ ಲೀಗ್‌ನಲ್ಲಿ 162 ಪಂದ್ಯಗಳ ಪೈಕಿ 100 ಗೆದ್ದ ತಂಡವನ್ನು ಅತ್ಯುತ್ತಮ ಎನ್ನುತ್ತಾರೆ. ಅಂಥ ತಂಡವೂ 62 ಬಾರಿ ಸೋತಿರುತ್ತದೆ. ಒಮಾಹಾಕ್ಕೆ ಬರುವುದು ಎಂಟೇ ತಂಡಗಳು, ಎರಡು ಸೋತರೆ ಮನೆಗೆ. ಎಂಟಕ್ಕೂ ಸಮಾನ ಅವಕಾಶ ಎಂದಿಟ್ಟುಕೊಂಡು ಲೆಕ್ಕ ಹಾಕಿ: 17 ಸಲ ಹೋಗಿಯೂ ಬರಿಗೈಲಿ ಮರಳುವ ಸಾಧ್ಯತೆ ಶೇ 10ರಷ್ಟು. ದುರದೃಷ್ಟವೇ ಸರಿ, ಆದರೆ ನಂಬಲಾಗದ ದುರದೃಷ್ಟವೇನಲ್ಲ. 1999ರ ಫೈನಲ್‌ನಲ್ಲಿ ಮಯಾಮಿ ಎದುರು ಫ್ಲಾರಿಡಾ ಸ್ಟೇಟ್ ಸೋತದ್ದು 6–5ರಿಂದ. ಒಂದು ರನ್ ಅತ್ತಿತ್ತ ಆಗಿದ್ದರೂ ಮಾರ್ಟಿನ್ ಬಗ್ಗೆ ಬರೆಯುವವರ ಧಾಟಿಯೇ ಬೇರೆ ಇರುತ್ತಿತ್ತು.

ಅದೃಷ್ಟ ಒಲಿದವರ ಕಡೆಗೂ ನೋಡಬೇಕು. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಾಡ್ ಡೆಡೊ 11 ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 1970ರಿಂದ 1974ರವರೆಗೆ ಸತತ ಐದು. ಸ್ವಂತ ಲಾರಿ ಸಾಗಣೆ ಕಂಪನಿಯಿಂದ ಹಣ ಮಾಡಿಕೊಂಡಿದ್ದರಿಂದ ಕೋಚ್ ಕೆಲಸಕ್ಕೆ ವರ್ಷಕ್ಕೆ ಒಂದೇ ಡಾಲರ್ ಸಂಬಳ ಪಡೆಯುತ್ತಿದ್ದರು, ಎದುರಿಗೆ ಸಿಕ್ಕವರನ್ನೆಲ್ಲ ‘ಟೈಗರ್’ ಎಂದೇ ಕರೆಯುತ್ತಿದ್ದರು. ಆಟ ಬಲ್ಲ, ಆಟಗಾರರನ್ನು ಬಲ್ಲ ಮನುಷ್ಯ, ಅನುಮಾನವಿಲ್ಲ. ಆದರೆ 1973ರ ಸೆಮಿಫೈನಲ್ ನೆನಪಿಸಿಕೊಳ್ಳಿ. ಎದುರಾಳಿ ಮಿನೆಸೋಟ, ಪಿಚ್ ಮಾಡುತ್ತಿದ್ದವರು, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುತ್ತಿದ್ದವರು, ಮುಂದೆ ಮೇಜರ್ ಲೀಗ್‌ನಲ್ಲಿ ಬ್ಯಾಟಿಂಗ್‌ನಿಂದಲೇ ಹೆಸರಾದ ಡೇವ್ ವಿನ್‌ಫೀಲ್ಡ್. ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್‌ಗೆ ಬಂದಾಗ ಡೆಡೊ ತಂಡ 0–7ರಿಂದ ಹಿಂದಿತ್ತು. ಅದೊಂದೇ ಇನ್ನಿಂಗ್ಸ್‌ನಲ್ಲಿ ಎಂಟು ರನ್ ಗಳಿಸಿ 8–7ರಿಂದ ಗೆದ್ದು, ಫೈನಲ್‌ನಲ್ಲಿ ಅರಿಜೋನಾ ಸ್ಟೇಟ್ ತಂಡವನ್ನು ಒಂದೇ ರನ್ನಿನಿಂದ ಮಣಿಸಿತು. ಆ ಎಂಟು ರನ್‌ಗಳನ್ನು ಕೋಚ್‌ನ ಜಾಣ್ಮೆಯ ಖಾತೆಗೆ ಜಮಾ ಮಾಡುವವರು, ಮಾರ್ಟಿನ್‌ರ ಆ ಒಂದು ರನ್ನಿನ ಸೋಲನ್ನು ಅವರ ದೌರ್ಬಲ್ಯ ಎನ್ನಲೇಬೇಕಾಗುತ್ತದೆ. ಎರಡೂ ಅವಸರದ ತೀರ್ಪುಗಳೇ.

ಹಾಗೆಂದು ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟಿದರೆ ಅಭಿಮಾನಿಗಳನ್ನು ದಡ್ಡರೆಂದಂತಾಗುತ್ತದೆ. ಟ್ರೋಫಿ ತರಲಿಲ್ಲವೆಂಬ ಅವರ ದೂರಿನಲ್ಲಿ ಹುರುಳಿಲ್ಲದಿಲ್ಲ. ಮಾರ್ಟಿನ್ ತಂಡದ ಬ್ಯಾಟರ್‌ಗಳು ತಾಳ್ಮೆಗೆ ಹೆಸರಾದವರು. ಗುರಿ ತಪ್ಪಿದ ನಾಲ್ಕು ಎಸೆತಗಳನ್ನು ಬ್ಯಾಟ್ ಬೀಸದೆ ಬಿಟ್ಟರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ ಸಿಗುತ್ತದೆ; ಹೀಗೆ ಪಿಚರ್‌ನನ್ನು ದಣಿಸಿ ದಣಿಸಿ ರನ್ ಕಿತ್ತುಕೊಳ್ಳುವುದು ಅವರ ಪದ್ಧತಿಯಾಗಿತ್ತು. ಫೆಬ್ರುವರಿಯಿಂದ ಮೇವರೆಗೆ ಸಾಧಾರಣ ಪಿಚರ್‌ಗಳ ಎದುರು ಇದು ಚೆನ್ನಾಗಿಯೇ ನಡೆಯುತ್ತಿತ್ತು. ಒಮಾಹಾಕ್ಕೆ ಬರುವ ಪಿಚರ್‌ಗಳು ಅಷ್ಟು ಸುಲಭಕ್ಕೆ ಬೇಸ್ ಬಿಟ್ಟುಕೊಡುವವರಲ್ಲ. ಅಲ್ಲಿ ಇನ್ನೇನಾದರೂ ಬೇಕಿತ್ತೇನೋ. ಆ ಶೇ 10ರಲ್ಲಿ ಈ ಅನುಮಾನಕ್ಕೂ ಜಾಗ ಇದೆ.

ಆದರೆ ಕಾಲೇಜು ಕೋಚ್ ಎಂಬ ಹುದ್ದೆಯಲ್ಲಿ ‘ಕಾಲೇಜು’ ಎಂಬುದೂ ಸೇರಿದೆಯಲ್ಲ. ಅಂಗಳದಲ್ಲಿರುವವರು ಇಪ್ಪತ್ತರ ಆಸುಪಾಸಿನ ಹುಡುಗರು. 2009ರ ಮೇ 30ರಂದು ಟೆಕ್ಸಸ್ ಮತ್ತು ಬಾಸ್ಟನ್ ಕಾಲೇಜ್ ನಡುವಿನ ಟೂರ್ನಿ ಪಂದ್ಯ 25 ಇನ್ನಿಂಗ್ಸ್‌ವರೆಗೆ ಎಳೆಯಿತು. ಟೆಕ್ಸಸ್ ಪಿಚರ್ ಆಸ್ಟಿನ್ ವುಡ್ ಏಳನೇ ಇನ್ನಿಂಗ್ಸ್‌ನಲ್ಲಿ ಬಂದು 13 ಇನ್ನಿಂಗ್ಸ್‌ಗಳಲ್ಲಿ 169 ಎಸೆತ ಎಸೆದರು. ಹಿಂದಿನ ದಿನವೂ ಅವರು ಪಿಚ್ ಮಾಡಿದ್ದರು. ಟೆಕ್ಸಸ್ 3–2ರಿಂದ ಗೆದ್ದಿತು. ಕೋಚ್ ಆಗೀ ಗರಿಡೊ ಐದು ರಾಷ್ಟ್ರೀಯ ಪ್ರಶಸ್ತಿಗಳ ಒಡೆಯ. ಒಬ್ಬ ಹುಡುಗನ ತೋಳನ್ನು ಅಷ್ಟು ದುಡಿಸಬಹುದಿತ್ತೇ ಎಂಬ ವಾದ ಆಮೇಲೆ ಜೋರಾಗಿಯೇ ನಡೆಯಿತು. ಟ್ರೋಫಿಯೊಂದೇ ಅಳತೆಗೋಲಾದರೆ ಇಂಥ ಪ್ರಶ್ನೆ ಕೇಳುವ ಗೊಡವೆಯೇ ಇರುವುದಿಲ್ಲ, ಏಕೆಂದರೆ ಉತ್ತರ ಸ್ಕೋರ್‌ಬೋರ್ಡ್‌ನಲ್ಲೇ ಇರುತ್ತದೆ.

ಇನ್ನೊಂದು ದಿನದ ಆಟ ನೋಡಿ. 2008ರ ಮೇ ತಿಂಗಳಲ್ಲಿ ಸವಾನಾ ಸ್ಟೇಟ್ ವಿರುದ್ಧ ಮಾರ್ಟಿನ್ ಒಬ್ಬನೇ ಹುಡುಗನನ್ನು ಒಂದೇ ಪಂದ್ಯದಲ್ಲಿ ಒಂಬತ್ತೂ ಸ್ಥಾನಗಳಲ್ಲಿ ಆಡಿಸಿದರು. ಆತ ಬಸ್ಟರ್ ಪೋಸಿ. ಶಾರ್ಟ್‌ಸ್ಟಾಪ್ ಎಂಬ ಫೀಲ್ಡಿಂಗ್ ಸ್ಥಾನದ ಆಟಗಾರನಾಗಿ ಬಂದವನನ್ನು ಎರಡನೇ ವರ್ಷ, ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಮಾಡಿದ್ದು ಇದೇ ತಂಡ. ಅಂದು ಪೋಸಿ ಒಂದೇ ಹೊಡೆತಕ್ಕೆ ನಾಲ್ಕು ರನ್ ತರುವ ಗ್ರ್ಯಾಂಡ್ ಸ್ಲ್ಯಾಮ್ ಕೂಡ ಬಾರಿಸಿದರು. ಮುಂದೆ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಪರ ಕ್ಯಾಚರ್ ಆಗಿ ಮೇಜರ್ ಲೀಗ್‌ನ ಮೂರು ವರ್ಲ್ಡ್ ಸೀರೀಸ್ ಗೆದ್ದರು. ಈ ಗೆಲುವುಗಳು ಮಾರ್ಟಿನ್ ಖಾತೆಗೆ ಸೇರುವುದಿಲ್ಲ, ನಿಜ. ಸೇರಿಸುವ ಖಾತೆಯೊಂದನ್ನು ಯಾರೂ ಇಟ್ಟಿಲ್ಲ ಎನ್ನುವುದೂ ಅಷ್ಟೇ ನಿಜ.

ಸ್ಥಿರತೆಯ ಬೆಲೆ ತಿಳಿಯುವುದು ಅದು ಕೈತಪ್ಪಿದಾಗ. ಕೊನೆಯ ಸೀಸನ್ನಿನಲ್ಲೇ ಅದರ ಸುಳಿವು ಸಿಕ್ಕಿತ್ತು. 2019ರಲ್ಲಿ ತಂಡ ಎಷ್ಟು ತಡವರಿಸಿತೆಂದರೆ, ಆ ವರ್ಷದ 40ನೇ ಗೆಲುವು ಬಂದದ್ದು ರಾಷ್ಟ್ರೀಯ ಟೂರ್ನಿಯಲ್ಲಿ. ಒಮಾಹಾ ತಲುಪಿ, ಅರ್ಕನ್ಸಾವನ್ನು 1–0ಯಿಂದ ಸೋಲಿಸಿ, ಮುಂದಿನ ಎರಡರಲ್ಲೂ ಸೋತು 75ರ ಮಾರ್ಟಿನ್ ಹೊರನಡೆದರು. ಉತ್ತರಾಧಿಕಾರಿಯಾದ ಮಗ ಮೈಕ್ ಮಾರ್ಟಿನ್ ಜೂನಿಯರ್‌ಗೆ ಸಿಕ್ಕಿದ್ದು ಮೂರೇ ಸೀಸನ್. ಬಳಿಕ ಬಂದ ಲಿಂಕ್ ಜ್ಯಾರೆಟ್, ಹಿರಿಯ ಮಾರ್ಟಿನ್ ಕೈಕೆಳಗೆ ಆಡಿ ಬೆಳೆದವರು. 2023ರ ಅವರ ಮೊದಲ ಸೀಸನ್ನಿನಲ್ಲಿ ತಂಡ 23 ಗೆದ್ದು 31 ಸೋತಿತು. ನಲವತ್ತು ಗೆಲುವು ಎಂಬುದು ಪ್ರತಿವರ್ಷ ತಾನಾಗಿ ಬರುವ ಬೆಳೆ ಎಂದುಕೊಂಡಿದ್ದವರಿಗೆ ಆ ವರ್ಷ ಲೆಕ್ಕ ಅರ್ಥವಾಗಿರಬೇಕು. 2024ರ ಫೆಬ್ರುವರಿಯಲ್ಲಿ ಮಾರ್ಟಿನ್ ತೀರಿಕೊಂಡರು. ಅದೇ ಜೂನ್‌ನಲ್ಲಿ ಜ್ಯಾರೆಟ್ ತಂಡವನ್ನು ಮತ್ತೆ ಒಮಾಹಾಕ್ಕೆ ಕರೆದೊಯ್ದರು, ಟ್ರೋಫಿಯಿಲ್ಲದೆ ವಾಪಸಾದರು. ಹಿಂದಿನ ವರ್ಷದ ಸ್ಥಿತಿ ಕಂಡಿದ್ದವರಿಗೆ ಆ ಪಯಣವೇ ದೊಡ್ಡದಾಗಿ ತೋರಿತು.