ಗಣಕದ ಲೆಕ್ಕ ಮತ್ತು ಪ್ಲುಟೋನಿಯಂ ಕಾವಲು

ಅಣುಸ್ಥಾವರದಿಂದ ಹೊರತೆಗೆದ, ಬಳಸಿ ಮುಗಿದ ಇಂಧನವನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಯುರೇನಿಯಂ ಮತ್ತು ಪ್ಲುಟೋನಿಯಂಗಳನ್ನು ಬೇರ್ಪಡಿಸುವ ಕಾರ್ಯವೇ ಮರುಸಂಸ್ಕರಣೆ. ಹೀಗೆ ದೊರೆತ ಪ್ಲುಟೋನಿಯಂ ಇಂಧನವೂ ಆಗಬಲ್ಲದು, ಬಾಂಬೂ ಆಗಬಲ್ಲದು. ಒಂದು ಬಾಂಬಿಗೆ ಬೇಕಾಗುವ ಪ್ರಮಾಣವೆಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಗಣಿಸಿರುವುದು ಕೇವಲ 8 ಕಿಲೋಗ್ರಾಂ. ಆದುದರಿಂದಲೇ ಅದಕ್ಕೆ ಕಟ್ಟುನಿಟ್ಟಿನ ಲೆಕ್ಕ ಅಗತ್ಯ.

ಮನುಷ್ಯರು ಕಾಲಿಡಲಾಗದಷ್ಟು ವಿಕಿರಣವಿರುವ ಕೋಣೆಗಳಲ್ಲಿ ಹರಿಯುವ ದ್ರಾವಣಕ್ಕೆ ಲೆಕ್ಕವಿಡುವುದು ಹೇಗೆ? ಇಲ್ಲಿ ಗಣಕ ಮಾದರಿಗಳು ನೆರವಾಗುತ್ತವೆ. ಯಾವ ಗಳಿಗೆಯಲ್ಲಿ ಯಾವ ತೊಟ್ಟಿಯಲ್ಲಿ ಎಷ್ಟು ದ್ರಾವಣವಿರಬೇಕೆಂದು ಗಣಕ ಹೇಳುತ್ತದೆ. ಮಾಪಕಗಳು ಬೇರೆಯದನ್ನು ತೋರಿಸಿದರೆ ಅದೇ ಎಚ್ಚರಿಕೆ. ಒಮ್ಮೆಲೇ ಕದ್ದರೆ, ದಿನವೂ ತುಸುತುಸುವೇ ಕದ್ದರೆ ಪತ್ತೆಯಾದೀತೇ ಎಂಬುದನ್ನೂ ಗಣಕದಲ್ಲಿಯೇ ಪರೀಕ್ಷಿಸಬಹುದು. ಈ ವಿದ್ಯೆಯ ಉಪಯುಕ್ತತೆಯನ್ನು ಅಲ್ಲಗಳೆಯಲಾಗದು.

ಆದರೆ ಅದರ ಮಿತಿಯೂ ಸ್ಪಷ್ಟ. ಜಪಾನಿನ ರೊಕ್ಕಾಶೊ ಸ್ಥಾವರದ ವಿನ್ಯಾಸ ಸಾಮರ್ಥ್ಯ ವರ್ಷಕ್ಕೆ 800 ಟನ್ ಇಂಧನ. ಅದರಿಂದ ಬರುವ ಪ್ಲುಟೋನಿಯಂ ಸುಮಾರು 8 ಟನ್. ಅಳತೆ ನೂರಕ್ಕೆ ಒಂದರಷ್ಟು ಆಚೀಚೆಯಾದರೂ 80 ಕಿಲೋಗ್ರಾಂ, ಎಂದರೆ ಹತ್ತು ಬಾಂಬುಗಳ ಸರಕು, ಅನಿಶ್ಚಿತವಾಗುತ್ತದೆ. ಅದೇ ದೇಶದ ತೋಕೈ ಸ್ಥಾವರದ 25 ವರ್ಷಗಳ ಲೆಕ್ಕದಲ್ಲಿ 206 ಕಿಲೋಗ್ರಾಂ ವ್ಯತ್ಯಾಸವಿದೆಯೆಂದು 2003ರಲ್ಲಿ ಪ್ರಕಟವಾಯಿತು. ಮರುಪರಿಶೀಲನೆಯ ಅನಂತರ ಅದು 59 ಕಿಲೋಗ್ರಾಂಗೆ ಇಳಿಯಿತು.

ಬ್ರಿಟನ್ನಿನ ಸೆಲ್ಲಾಫೀಲ್ಡ್‌ನ ಥಾರ್ಪ್ ಸ್ಥಾವರ ಕಲಿಸಿದ ಪಾಠ ಇನ್ನೂ ಕಠಿಣವಾದುದು. 2005ರ ಏಪ್ರಿಲಿನಲ್ಲಿ ಅಲ್ಲಿನ ಕೋಣೆಯೊಂದರಲ್ಲಿ 83 ಘನಮೀಟರ್ ದ್ರಾವಣ ನೆಲಕ್ಕೆ ಸೋರಿ ನಿಂತಿರುವುದು ಕಂಡುಬಂದಿತು. ಅದರಲ್ಲಿ ಸುಮಾರು 20 ಟನ್ ಯುರೇನಿಯಂ, 160 ಕಿಲೋಗ್ರಾಂ ಪ್ಲುಟೋನಿಯಂ ಇದ್ದವು. ಒಡೆದದ್ದು ಲೆಕ್ಕಕ್ಕಾಗಿಯೇ, ತೂಕ ನೋಡಲೆಂದು ತೂಗುಹಾಕಿದ್ದ ತೊಟ್ಟಿಯ ಕೊಳವೆ. ತಿಂಗಳುಗಟ್ಟಲೆ ಸೋರಿದರೂ, ಮಾಪಕಗಳು ಸೂಚನೆ ನೀಡಿದರೂ, ಹೊಸ ಸ್ಥಾವರದಲ್ಲಿ ಸೋರಿಕೆ ಸಂಭವಿಸದೆಂಬ ನಂಬಿಕೆ ಅದನ್ನು ಮರೆಮಾಡಿತು. ದ್ರಾವಣ ಹೊರಗೆ ಹರಿಯಲಿಲ್ಲವೆಂಬುದಷ್ಟೇ ಸಮಾಧಾನ. 2018ರಲ್ಲಿ ಅಲ್ಲಿ ಮರುಸಂಸ್ಕರಣೆ ನಿಂತಿತು.

ಮಲೆನಾಡಿಗೂ ಈ ವಿಷಯ ದೂರದ್ದಲ್ಲ. ಕೈಗಾದಲ್ಲಿಯೂ ಬಳಸಿದ ಇಂಧನ ಶೇಖರವಾಗುತ್ತಿದೆ. ಅಂತಹ ಇಂಧನವನ್ನು ಮರುಸಂಸ್ಕರಿಸುವುದು ಭಾರತದ ಘೋಷಿತ ನೀತಿ. ಅಂತರರಾಷ್ಟ್ರೀಯ ತಪಾಸಣೆಗೆ ಭಾರತವು ಒಪ್ಪಿಸಿದ ಸ್ಥಾವರಗಳ ಪಟ್ಟಿಯಲ್ಲಿ ಕೈಗಾದ ಮೊದಲ ನಾಲ್ಕು ಘಟಕಗಳು ಇಲ್ಲ. ಹೊರಗಿನ ಲೆಕ್ಕಪರಿಶೋಧಕರಿಲ್ಲದ ಕಡೆ ಒಳಗಿನವರ ನಂಬಿಕೆಯೇ ಪ್ರಮಾಣವಾಗಿಬಿಡುವ ಅಪಾಯವಿದೆ.

ಥಾರ್ಪ್‌ನಲ್ಲಿ ಕೊರತೆಯಾದದ್ದು ಅಂಕಿಗಳಿಗಲ್ಲ, ಅವುಗಳನ್ನು ಕಿವಿಗೊಟ್ಟು ಕೇಳುವವರಿಗೆ. ಗಣಕದ ಮಾದರಿಯನ್ನು ಮುಂದಿಟ್ಟು ಸುರಕ್ಷತೆಯ ಭರವಸೆ ನೀಡುವವರು, ಆ ಮಾದರಿಯ ಊಹೆಗಳನ್ನೂ ಅಳತೆಯ ತಪ್ಪಿನ ಪ್ರಮಾಣವನ್ನೂ ಸ್ವತಂತ್ರ ತಜ್ಞರ ಪರಿಶೀಲನೆಗೆ ತೆರೆದಿಡಬೇಕು. ಅಣುಸ್ಥಾವರದ ನೆರೆಯಲ್ಲಿ ಬದುಕುವ ಜನ ಕೇಳಬೇಕಾದ ಕನಿಷ್ಠ ಹಕ್ಕು ಇದು.