ಅಳೆದದ್ದು 18 ಬಾವಿ

ಆಗಸ್ಟ್ ಮೊದಲ ವಾರ. ರಾತ್ರಿ ಹತ್ತೂವರೆಗೆ ಆಫೀಸ್ ಕಾಲ್ ಮುಗಿಸಿ ಅನ್ನಕ್ಕೆ ಕೂತಿದ್ದೆ. ಕುಂದಾಪುರದಿಂದ ಚಿಕ್ಕಮ್ಮನ ಮಗಳ ಮೆಸೇಜ್ ಬಂತು. "ಅಣ್ಣಾ, ಅಬ್‌ಸ್ಟ್ರಾಕ್ಟ್ ಕಳ್ಸುಕೆ ನಾಳೆ ಲಾಸ್ಟ್ ಡೇಟ್. ಇಂಗ್ಲಿಷ್ ಸ್ವಲ್ಪ ಸರಿ ಮಾಡಿ ಕೊಡ್ತ್ಯಾ?"

ಅವಳು ಬಿಎಸ್ಸಿ ಕೊನೆಯ ವರ್ಷ. ಅವಳದು ಕುಂದಾಪುರ, ಒಬ್ಬ ಗೆಳತಿ ಬೈಂದೂರಿನವಳು, ಇನ್ನೊಬ್ಬಳು ಬ್ರಹ್ಮಾವರದವಳು. ಬೇಸಿಗೆಯಲ್ಲಿ ಮೂವರೂ ತಮ್ಮ ತಮ್ಮ ಮನೆ ಹತ್ತಿರದ ಆರಾರು ಬಾವಿಗಳ ನೀರನ್ನು ಮಾರ್ಚ್‌ನಿಂದ ಮೇವರೆಗೆ ವಾರಕ್ಕೊಮ್ಮೆ ಅಳೆದಿದ್ದರು. ಕೈಯಲ್ಲಿದ್ದದ್ದು ಪೆನ್ನಿನಂಥ ಟಿಡಿಎಸ್ ಮೀಟರ್, ಒಂದು ನೋಟ್‌ಬುಕ್, ಅಷ್ಟೇ. ನಮ್ಮ ಕಡೆ ಇದು ಬರೀ ಕಾಲೇಜಿನ ಪ್ರಾಜೆಕ್ಟ್ ಅಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಗಂಗೊಳ್ಳಿಯ ಹತ್ತಿರ ಐದು ಹೊಳೆ ಸೇರಿ ಸಮುದ್ರಕ್ಕೆ ಹೋಗುತ್ತವೆ. ಏಪ್ರಿಲ್ ಬಂದರೆ ಯಾರ ಬಾವಿ ಸಿಹಿ, ಯಾರ ಬಾವಿ ಸಪ್ಪೆ-ಉಪ್ಪು ಅನ್ನುವುದೇ ಮನೆಮನೆಯ ಮಾತು.

ಅವಳು ಬರೆದದ್ದು ಸರಳವಾಗಿತ್ತು: ಇಷ್ಟು ಬಾವಿ ಅಳೆದೆವು, ಬೇಸಿಗೆ ಕೊನೆಗೆ ಕೆಲವು ಬಾವಿಗಳಲ್ಲಿ ಉಪ್ಪು ಹೆಚ್ಚಾಯಿತು, ಕೆಲವುಗಳಲ್ಲಿ ಆಗಲಿಲ್ಲ. ನನಗೆ ಸಪ್ಪೆ ಅನಿಸಿತು. 250 ಪದ ತೆಗೆದುಕೊಂಡು ಎಐ ಟೂಲ್‌ಗೆ ಹಾಕಿದೆ, ಮೇಲಿಂದ ನನ್ನ ಕೈಯನ್ನೂ ಆಡಿಸಿದೆ. ಹವಾಮಾನ ಬದಲಾವಣೆಯಿಂದ ಕರಾವಳಿಯ ಅಂತರ್ಜಲ ಉಪ್ಪಾಗುತ್ತಿದೆ ಎಂದು ಈ ಅಧ್ಯಯನ ಸಾಬೀತುಪಡಿಸುತ್ತದೆ ಎಂಬ ವಾಕ್ಯ ಬಂದು ಕೂತಿತು. ಓದಲು ಭಾರೀ ಚೆನ್ನಾಗಿತ್ತು. "ಸೂಪರ್ ಅಣ್ಣಾ" ಅಂದಳು, ಕಳಿಸಿದಳು. ಹತ್ತು ದಿನದಲ್ಲಿ ಸೆಲೆಕ್ಟ್ ಆಯಿತು.

ಚೌತಿಗೆ ಊರಿಗೆ ಹೋದಾಗ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪೋಸ್ಟರ್ ಮಾಡಲು ಕೂತೆವು. ಎ0 ಸೈಜ್, ಅಂದರೆ 841 ಮಿಲಿಮೀಟರ್ ಅಗಲ, 1189 ಎತ್ತರ. ಅಜ್ಜ ಕುರ್ಚಿ ಹತ್ತಿರ ಎಳೆದುಕೊಂಡರು. "ಇದ್ರಗೆ ಎಂತ ಬರ್ದಿತ್ತ್ ಹೆಣೆ? ಕನ್ನಡದಗೆ ಹೇಳ್ ಕಾಂಬ."

ಅವಳು ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದಳು. 'ಸಾಬೀತು' ಬಂದ ಕಡೆ ನಿಂತಳು. ಅಜ್ಜ ನಗಲಿಲ್ಲ. "ನೀವ್ ಅಳ್ದದ್ದ್ ಮೂರ್ ತಿಂಗ್ಳ್. ನಾನ್ ಈ ನೀರ್ ಕುಡೂಕ್ ಸುರು ಮಾಡಿ ಎಪ್ಪತ್ ವರ್ಷ ಆಯ್ತ್. ನಂಗೇ ಗೊತ್ತಿಲ್ಲೆ, ನಿಮ್ಗೆ ಅಷ್ಟ್ ಬ್ಯಾಗ ಸಾಬೀತ್ ಆಯ್ತಾ?"

ಆಮೇಲೆ ಅವರು ಇನ್ನೊಂದು ಕೇಳಿದರು. ಹೊಳೆಯ ದಡದಲ್ಲೇ ಇರುವ ನಮ್ಮ ಬಾವಿ ಸಿಹಿ, ಅದಕ್ಕಿಂತ ದೂರದ ಮನೆಯ ಬಾವಿ ಉಪ್ಪು. ಯಾಕೆ? ಆ ಬಾವಿಯ ಲೆಕ್ಕ ನೋಟ್‌ಬುಕ್‌ನಲ್ಲಿತ್ತು. ಅಬ್‌ಸ್ಟ್ರಾಕ್ಟ್‌ನಲ್ಲಿ ಇರಲಿಲ್ಲ. ವಾಕ್ಯದ ಓಟಕ್ಕೆ ಅಡ್ಡ ಬರುತ್ತದೆಂದು ತೆಗೆದವನು ನಾನೇ.

ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಬಾವಿಯ ಮಟ್ಟ 1 ಅಡಿ ಇಳಿದರೆ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದು ಅನ್ನುವುದು ಪಠ್ಯಪುಸ್ತಕದ ಲೆಕ್ಕ. ಹಾಗಾದರೆ ದೂರಕ್ಕಿಂತ ಪಂಪ್ ಎಷ್ಟು ಹೊತ್ತು ಓಡುತ್ತದೆ ಅನ್ನುವುದು ಮುಖ್ಯ ಇರಬಹುದು. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ್ದು ಯಾವಾಗ ಅನ್ನುವುದೂ ಇರಬಹುದು. ಇವರು ಅದ್ಯಾವುದನ್ನೂ ಅಳೆದಿರಲಿಲ್ಲ. ಹವಾಮಾನ ಬದಲಾವಣೆ ಸುಳ್ಳು ಅಂತ ಅಲ್ಲ. ಆದರೆ ಒಂದು ಬೇಸಿಗೆಯ 18 ಬಾವಿ ಅದನ್ನು ಸಾಬೀತು ಮಾಡಲಾರದು.

"ಅಣ್ಣಾ, ಜಡ್ಜ್ ಕೇಂಡ್ರೆ ನಾನ್ ಎಂತ ಹೇಳುದ್?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನಲ್ಲಿ ಟೆಸ್ಟ್ ಮಾಡದ ಕೋಡ್ ಬಿಡುಗಡೆ ಮಾಡಿದವನಿಗೆ ಬೈಯುವವನು ನಾನು. ತಂಗಿಯ ಹೆಸರಿನಲ್ಲಿ ಅದನ್ನೇ ಮಾಡಿದ್ದೆ.

ಆ ರಾತ್ರಿಯೇ ಆಯೋಜಕರಿಗೆ ಇಮೇಲ್ ಮಾಡಿದಳು. ಪುಸ್ತಿಕೆ ಪ್ರಿಂಟಿಗೆ ಹೋಗಿ ಆಗಿತ್ತು. ಪೋಸ್ಟರ್ ತಿದ್ದಬಹುದು ಅಂದರು. ಮತ್ತೆ ಮೊದಲಿನಿಂದ ಕೂತೆವು. 2019ರಲ್ಲಿ ಮೈಕ್ ಮಾರಿಸನ್ ಎಂಬ ಅಮೆರಿಕದ ಪಿಎಚ್‌ಡಿ ವಿದ್ಯಾರ್ಥಿ ಹೇಳಿಕೊಟ್ಟ ಕ್ರಮ ನೆನಪಾಯಿತು: ಮುಖ್ಯ ಫಲಿತಾಂಶವನ್ನು ಸರಳ ಮಾತಿನಲ್ಲಿ, ದೊಡ್ಡ ಅಕ್ಷರದಲ್ಲಿ ನಡುವೆ ಹಾಕು, ಉಳಿದದ್ದು ಬದಿಗೆ. ನಡುವೆ ಏನು ಬರೆಯುವುದು ಅನ್ನುವುದಕ್ಕೇ ಎರಡು ಗಂಟೆ ಹೋಯಿತು. ಕೊನೆಗೆ ನಿಂತದ್ದು: 'ಹೊಳೆಗೆ ಹತ್ತಿರದ ಬಾವಿಯೇ ಹೆಚ್ಚು ಉಪ್ಪು ಎಂದುಕೊಂಡಿದ್ದೆವು. ಯಾವಾಗಲೂ ಹಾಗಿಲ್ಲ.' ಕೆಳಗೆ 18 ಬಾವಿಗಳ ಗ್ರಾಫ್, ನಮ್ಮ ಬಾವಿಯನ್ನೂ ಸೇರಿಸಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ 500ರ ಗೆರೆ, ಬೇರೆ ಮೂಲವೇ ಇಲ್ಲದಾಗ ಒಪ್ಪುವ 2000ದ ಗೆರೆ. ಬದಿಯಲ್ಲಿ 'ನಾವು ಅಳೆಯದ್ದು' ಅಂತ ಒಂದು ಚೌಕ: ಪಂಪ್ ಓಡುವ ಹೊತ್ತು, ಭರತ-ಇಳಿತ, ಬಾವಿಯ ಆಳ. ಅದರಡಿಯಲ್ಲಿ, ಪುಸ್ತಿಕೆಯಲ್ಲಿರುವ 'ಸಾಬೀತು' ಎಂಬ ಮಾತು ನಮ್ಮ ತಪ್ಪು ಅಂತ ಒಂದು ಸಾಲು. ಅದು ಬೇಡ ಅಂತ ನಾನೇ ಹೇಳಿದೆ. ಮೂವರೂ ಒಪ್ಪಲಿಲ್ಲ.

ಪೋಸ್ಟರ್ ಮಾಡುವವರಿಗೆ ಮೂರು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದ ಚಿತ್ರ ಹಾಕಬೇಡಿ, ಎ0ಯಲ್ಲಿ ಒಡೆಯುತ್ತದೆ. ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ. ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಕೊಡಿ, ಇಲ್ಲದಿದ್ದರೆ ಅವರ ಕಂಪ್ಯೂಟರ್‌ನಲ್ಲಿ ಕನ್ನಡದ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತವೆ. ಪ್ರಿಂಟಿಗೆ ಮೊದಲು ಎ4ರಲ್ಲಿ ತೆಗೆದು ಕೈಯಲ್ಲಿ ಹಿಡಿದು ಓದಿ. ಅಲ್ಲಿ ಓದಲಾಗದ್ದನ್ನು ಗೋಡೆಯ ಮೇಲೆ ಯಾರೂ ಓದುವುದಿಲ್ಲ.

ಸಂಕಿರಣದ ದಿನ ನಾನು ಬೆಂಗಳೂರಿನಲ್ಲಿದ್ದೆ. ಸಂಜೆ ಫೋನ್ ಮಾಡಿದಳು. ಒಬ್ಬ ಪ್ರೊಫೆಸರ್ ಪುಸ್ತಿಕೆ ಹಿಡಿದೇ ಬಂದರಂತೆ, ಆ ವಾಕ್ಯಕ್ಕೇ ಬೆರಳಿಟ್ಟರಂತೆ. "ಅದು ನಮ್ಮಿಂದ ಹೆಚ್ಚಾಯಿತು ಸರ್, ಅಳೆದದ್ದು ಇಷ್ಟೇ" ಅಂದಳಂತೆ. ಅವರು ಇಪ್ಪತ್ತು ನಿಮಿಷ ನಿಂತು, ಪಂಪ್ ಹಾಕುವ ಮೊದಲು ಮತ್ತು ನಂತರ ಎರಡು ಸಲ ಅಳೆಯಿರಿ ಅಂತ ಹೇಳಿ ಹೋದರಂತೆ. ಬಹುಮಾನ ಬರಲಿಲ್ಲ. ಬೇಜಾರಿತ್ತು ಅವಳಿಗೆ, ಇಲ್ಲ ಅನ್ನುವುದಿಲ್ಲ.

ಮೊನ್ನೆ ಮೂವರೂ ಸೇರಿ 18 ಮನೆಗೂ ಕನ್ನಡದಲ್ಲಿ ಒಂದೊಂದು ಹಾಳೆ ಕೊಟ್ಟು ಬಂದಿದ್ದಾರೆ, ಅವರವರ ಬಾವಿಯ ಲೆಕ್ಕ ಬರೆದು. ನಮ್ಮ ಮನೆಯದ್ದು ಕ್ಯಾಲೆಂಡರ್ ಪಕ್ಕ ಇದೆ. ಅಜ್ಜ ಕನ್ನಡಕ ಹಾಕಿ ಪೂರ್ತಿ ಓದಿದರಂತೆ. "ಮುಂದಿನ್ ಬ್ಯಾಸ್ಗಿಗೂ ಅಳೀಕ್ ಹೆಣೆ" ಅಂದರಂತೆ.

ನಿಮ್ಮ ಮನೆಯ ತಮ್ಮನೋ ತಂಗಿಯೋ ಇಂಥದ್ದೊಂದು ಫೈಲ್ ಕಳಿಸಿದರೆ ಕಾಗುಣಿತ ತಿದ್ದಿ ಕೊಡಿ, ಸಾಕು. ಕಳಿಸುವ ಮೊದಲು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಲಿ. ಎಲ್ಲಿ ನಾಲಿಗೆ ನಿಲ್ಲುತ್ತದೋ ಆ ಸಾಲನ್ನು ಇನ್ನೊಮ್ಮೆ ನೋಡಿ.