ಸೋಡಾ ಬೇಡವೆನ್ನುವುದಿಲ್ಲ, ಮೊದಲು ಗೋದಲಿ ನೋಡಿ

ಸಂಘದ ಮಾರಾಟ ವಿಭಾಗದಲ್ಲಿ ಗೊಬ್ಬರ, ಮೈಲುತುತ್ತ, ಹಿಂಡಿಗಳ ಜೊತೆಗೆ ಹಸುಗಳಿಗೆ ಕೊಡುವ ಸೋಡಾವನ್ನೂ ಮೂಟೆಗಟ್ಟಲೆ ತರಿಸಬೇಕೆಂದು ಸದಸ್ಯ ಬಾಂಧವರು ಕೇಳುತ್ತಿದ್ದಾರೆ. ಹಾಲಿನ ಕೊಬ್ಬು 3.5ರಿಂದ ಕೆಳಗೆ ಜಾರಿ ದರ ಕಳೆದುಕೊಂಡವರು, ಹಸು ಒಂದು ದಿನ ಹಿಂಡಿ ತಿಂದು ಮರುದಿನ ಮೂಸಿಯೂ ನೋಡದಿರುವುದನ್ನು ಕಂಡವರು, ಗೊರಸಿನ ನೋವಿಗೆ ಮದ್ದು ಹಾಕಿ ಬೇಸತ್ತವರು ಹೀಗೆ ಕೇಳುವುದು ಸಹಜವೇ. ಸೋಡಾ ಕೆಲಸ ಮಾಡುತ್ತದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಮೇವಿನಲ್ಲಿರುವ ದೋಷವನ್ನು ಸೋಡಾದಿಂದ ಮುಚ್ಚಲು ಹೊರಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಮೆಲುಕು ಚೀಲದಲ್ಲಿ ಮೇವನ್ನು ಕರಗಿಸುವುದು ಹಸುವಲ್ಲ, ಅಲ್ಲಿ ಬೀಡುಬಿಟ್ಟಿರುವ ಸೂಕ್ಷ್ಮಜೀವಿಗಳು. ಅವು ಮೇವನ್ನು ಹುಳಿಸಿ ಅಸಿಟಿಕ್, ಪ್ರೊಪಿಯಾನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತವೆ. ಹಸುವಿನ ಶಕ್ತಿಯ ಬಹುಪಾಲು ಇವುಗಳದ್ದೇ. ನಾರಿನಿಂದ ಹೆಚ್ಚಾಗಿ ಬರುವ ಅಸಿಟಿಕ್ ಆಮ್ಲ ಹಾಲಿನ ಕೊಬ್ಬಿಗೆ ಮೂಲ. ರಸಸಾರದ ಲೆಕ್ಕ ತೋಟಗಾರರಿಗೆ ಹೊಸದಲ್ಲ. ಮೆಲುಕು ಚೀಲಕ್ಕೂ ಅದೇ ಲೆಕ್ಕ. ಅಲ್ಲಿ ರಸಸಾರ 6 ಮತ್ತು 7ರ ನಡುವೆ ಇರಬೇಕು. 6ರಿಂದ ಇಳಿದರೆ ನಾರು ಕರಗಿಸುವ ಜೀವಿಗಳು ಸೋಲುತ್ತವೆ, ಕೊಬ್ಬು ಇಳಿಯುತ್ತದೆ. 5.5ರ ಆಸುಪಾಸಿನಲ್ಲಿ ದಿನವೂ ಗಂಟೆಗಟ್ಟಲೆ ನಿಂತರೆ ಕಾಲಕ್ರಮೇಣ ಗೊರಸು ಕೆಡುತ್ತದೆ. ಇನ್ನೂ ಇಳಿದರೆ ಲ್ಯಾಕ್ಟಿಕ್ ಆಮ್ಲ ತುಂಬಿ ಜೀವಕ್ಕೇ ಸಂಚಕಾರ.

ಈ ಹುಳಿಯನ್ನು ತಡೆಯಲು ಹಸುವಿನ ಬಾಯಲ್ಲೇ ಸೋಡಾ ಇದೆ; ಅದು ಜೊಲ್ಲು. ದೊಡ್ಡ ಮೈಯ ಹಸು ದಿನಕ್ಕೆ 100 ಲೀಟರಿಗೂ ಮಿಕ್ಕಿ ಜೊಲ್ಲು ನುಂಗುತ್ತದೆ. ಅದರಲ್ಲಿರುವ ಬೈಕಾರ್ಬನೇಟನ್ನು ಸೋಡಾದ ತೂಕಕ್ಕೆ ತಂದರೆ ಸುಮಾರು ಒಂದು ಕಿಲೋ ಆಗುತ್ತದೆ. ನಾವು ಹಿಂಡಿಗೆ ಹಾಕುವ ಒಂದು ಹಿಡಿ ಎಲ್ಲಿ, ಇದೆಲ್ಲಿ! ಆದರೆ ಈ ಜೊಲ್ಲು ಧಾರಾಳವಾಗಿ ಬರುವುದು ಹಸು ಅಗಿದಾಗ, ಮೆಲುಕು ಹಾಕಿದಾಗ. ಅಗಿಯಲು ಉದ್ದನೆಯ ಒರಟು ಮೇವು ಬೇಕು.

ಈ ಮಾತಿಗೆ ಕಲಬುರಗಿಯ ಕಡೆಯ ಉದಾಹರಣೆ ಚೆನ್ನಾಗಿ ಹೊಂದುತ್ತದೆ. ಅಡಿಕೆಯೂ ಕಾಫಿಯೂ ಇಲ್ಲದ ಆ ಬಿಸಿಲುಸೀಮೆಗೂ ನಮಗೂ ಏನು ನಂಟು ಎನ್ನಬೇಡಿ. ನಾವು ಕೊಳ್ಳುವ ತೊಗರಿ ಚುನ್ನಿ ಅಂಥ ಊರುಗಳ ಬೇಳೆ ಗಿರಣಿಗಳ ಉಪ ಉತ್ಪನ್ನ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತೂ ದೊರೆತಿದೆ. ಅಲ್ಲಿನ ಹಳ್ಳಿಗಳಲ್ಲಿ ಹಿಂಗಾರಿ ಜೋಳದ ಕಣಿಕೆಯೇ ದನದ ಆಧಾರ. ದೇವಣಿ ಹಸು ಆ ಗಟ್ಟಿ ದಂಟನ್ನು ಅಗಿದು ಮುಗಿಸುವಷ್ಟರಲ್ಲಿ ಬೇಕಾದಷ್ಟು ಜೊಲ್ಲು ಇಳಿದಿರುತ್ತದೆ. ಹಾಲು ಕಡಿಮೆ, ನಿಜ. ಆದರೆ ಕಣದಲ್ಲಿ ರಾಶಿಗೆ ಬಾಯಿ ಹಾಕಿ ಕಾಳು ತಿಂದ ದಿನ ಬಿಟ್ಟರೆ ಹುಳಿಯ ಕಾಟವೂ ಅಪರೂಪ. ಅದೇ ಕಲಬುರಗಿ ನಗರದೊಳಗೆ ಬಣವೆಗೆ ಜಾಗವಿಲ್ಲದೆ, ಮಿಶ್ರತಳಿ ಹಸುವಿಗೆ ಚುನ್ನಿ, ನುಚ್ಚು, ಉಳಿದ ರೊಟ್ಟಿ ಹಾಕಿ ಸಾಕುವವನಿಗೆ ನಮ್ಮದೇ ತಾಪತ್ರಯ. ಚುನ್ನಿಯಲ್ಲಿ ನಾರು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಪುಡಿಯಾದ ನಾರು ಅಗಿಯಲು ಸಿಗುವುದಿಲ್ಲ.

ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಬಾಳೆ ಇರುವಲ್ಲೆಲ್ಲ, ಅಲ್ಲಾಗಲಿ ನಮ್ಮ ಅಡಿಕೆ ತೋಟದ ನಡುವೆಯಾಗಲಿ, ಗೊನೆ ಕಡಿದ ಮೇಲೆ ದಿಂಡು ದನದ ಪಾಲು. ಹತ್ತು ಕಿಲೋ ದಿಂಡಿನಲ್ಲಿ ಒಣ ಅಂಶ ಒಂದು ಕಿಲೋ ಕೂಡ ಇಲ್ಲ, ಉಳಿದದ್ದು ನೀರು. ಬೇಸಿಗೆಯಲ್ಲಿ ಕೊಡಿ, ಬೇಡವೆನ್ನುವುದಿಲ್ಲ. ಆದರೆ ಬುಟ್ಟಿ ತುಂಬಿತೆಂದು ಒಣಹುಲ್ಲನ್ನು ಕೈಬಿಟ್ಟರೆ ಮೋಸ ಹೋದಂತೆ. ಅಡಿಕೆ ಹಾಳೆಯದೂ ಇದೇ ಕಥೆ: ಯಂತ್ರಕ್ಕೆ ಕೊಟ್ಟು ಹಿಟ್ಟಿನಂತೆ ಮಾಡುವುದಕ್ಕಿಂತ ಬೆರಳುದ್ದ ಕತ್ತರಿಸಿ ಹಾಕುವುದು ಲೇಸು.

ಇನ್ನು ಮಳೆಗಾಲ. ಬೈಹುಲ್ಲು ಮುಗಿಯುತ್ತ ಬಂದಿರುತ್ತದೆ, ಬೆಲೆ ಏರಿರುತ್ತದೆ, ಹಲಸು ಮಾತ್ರ ಮರದ ಬುಡದಲ್ಲಿ ಬಿಟ್ಟಿಯಾಗಿ ಬಿದ್ದಿರುತ್ತದೆ. ಮದುವೆ ಮನೆಯ ಅನ್ನ ಪಾಯಸ ಬೇರೆ. ಚೆಲ್ಲುವುದಕ್ಕಿಂತ ಹಸುವಿಗೆ ಹಾಕಿದರೆ ಪುಣ್ಯವೆಂದು ಬಕೆಟ್ ತುಂಬ ಸುರಿಯುವ ಪದ್ಧತಿ ಎಷ್ಟು ಕೊಟ್ಟಿಗೆಗಳನ್ನು ಬರಿದು ಮಾಡಿದೆಯೋ! ಹೀಗೆ ತಿಂದು ಮಲಗಿದ ಹಸುವಿಗೆ ಮನೆಯಲ್ಲೇ ಸೋಡಾ ಕುಡಿಸುತ್ತ ಕೂರದೆ ಪಶುವೈದ್ಯರನ್ನು ಆಗಲೇ ಕರೆಸಬೇಕು. ಯೂರಿಯಾ ತಿಂದು ಉಬ್ಬರಿಸಿದ ಹಸುವಿನಲ್ಲಂತೂ ರಸಸಾರ ಮೇಲೇರಿರುತ್ತದೆ. ಅದಕ್ಕೆ ಬೇಕಾದದ್ದು ವಿನೆಗರ್. ಸೋಡಾ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಹಾಗಾದರೆ ಸೋಡಾ ಯಾರಿಗೆ? ಹೊಟ್ಟೆ ತುಂಬ ಹುಲ್ಲು ತಿಂದೂ ಹಾಲಿನ ಪ್ರಮಾಣಕ್ಕಾಗಿ ಹೆಚ್ಚು ಹಿಂಡಿ ತಿನ್ನಲೇಬೇಕಾದ ಹಸುವಿಗೆ. ಮುಖ್ಯವಾಗಿ ಕರು ಹಾಕಿದ ಮೊದಲ ತಿಂಗಳುಗಳಲ್ಲಿ. ಕ್ವಿಂಟಾಲ್ ಹಿಂಡಿಗೆ ಒಂದೂವರೆ ಕಿಲೋ ಬೆರೆಸಿದರೆ ಸಾಕು. ದಿನಕ್ಕೆ 5 ಕಿಲೋ ಹಿಂಡಿ ತಿನ್ನುವ ಹಸುವಿಗೆ 75 ಗ್ರಾಂ ಬಿದ್ದಂತಾಯಿತು. ಕೊಳ್ಳುವ ಹಿಂಡಿಯಲ್ಲಿ ಆಗಲೇ ಬೆರೆಸಿದ್ದಾರೆಯೇ ಎಂದು ಕೇಳಿಕೊಳ್ಳಿ. ಬಟ್ಟೆ ಸೋಡಾ ಬೇರೆ, ಅಡುಗೆ ಸೋಡಾ ಬೇರೆ. ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣವನ್ನು ಇದರ ಬದಲಿಗೆ ಹಾಕುವುದಂತೂ ಕೂಡದು, ಬಾಯಿ ಗಂಟಲು ಸುಟ್ಟೀತು. ಹುಲ್ಲು ಮೊದಲು, ಹಿಂಡಿ ಆಮೇಲೆ, ಅದೂ ಎರಡರ ಬದಲು ಮೂರು ನಾಲ್ಕು ಸಲ. ಇದಕ್ಕೆ ಕಾಸು ಖರ್ಚಿಲ್ಲ.

ಆಡಳಿತ ಮಂಡಳಿ ಸೋಡಾ ತರಿಸುವುದಾದರೆ ತರಿಸಲಿ. ಅದರ ಜೊತೆಗೆ ಭತ್ತದ ಕೊಯ್ಲು ಮುಗಿದು ಹುಲ್ಲು ಅಗ್ಗವಿರುವಾಗಲೇ ಸದಸ್ಯರ ಬೇಡಿಕೆಯನ್ನು ಒಟ್ಟುಗೂಡಿಸಿ ಲಾರಿಗಟ್ಟಲೆ ಖರೀದಿಸುವ ಏರ್ಪಾಡನ್ನೂ ಮಾಡಬೇಕು. ಕಲಬುರಗಿಯ ಕಣಿಕೆಯನ್ನೇ ತರಿಸಬೇಕೆಂದು ನಾವು ಹೇಳುತ್ತಿಲ್ಲ, ಅಷ್ಟು ದೂರದ ಲಾರಿ ಬಾಡಿಗೆ ಮೇವಿನ ಬೆಲೆಯನ್ನೇ ನುಂಗೀತು. ಹತ್ತಿರದ ಬಯಲುಸೀಮೆಯಲ್ಲಿ ವಿಚಾರಿಸಬಹುದು. ದಾಸ್ತಾನಿಗೆ ಗೋದಾಮಿನಲ್ಲಿ ಜಾಗವಿಲ್ಲವೆಂಬ ಉತ್ತರ ಬರುವುದು ನಮಗೆ ಗೊತ್ತು. ಹುಲ್ಲು ಗೋದಾಮಿಗೆ ಬರಬೇಕಾದ್ದಿಲ್ಲ, ಲಾರಿಯಿಂದ ನೇರ ಸದಸ್ಯರ ಅಟ್ಟಕ್ಕೇ ಹೋಗಲಿ.